ಸೀಟಿಯ ರುಚಿ

ನಮ್ಮ ಡ್ರಿಲ್ ಮೇಷ್ಟ್ರ ಸೀಟಿಗೆ ಒಂದು ರುಚಿಯಿತ್ತು. ನನಗೆ ಹೇಗೆ ಗೊತ್ತು ಅಂದರೆ, ಒಂದು ದಿನ ಅವರು ಅದನ್ನು ಕುರ್ಚಿಯ ಮೇಲೆ ಬಿಟ್ಟು ನೀರು ಕುಡಿಯಲು ಹೋದಾಗ ನಾನು ಊದಿಬಿಟ್ಟಿದ್ದೆ. ಇಡೀ ಮೈದಾನ ಸಾಲಾಗಿ ನಿಂತುಕೊಂಡಿತು. ಆಮೇಲೆ ಬೆತ್ತದ ಏಟು ಬಿತ್ತು, ಅದು ಮರೆತುಹೋಗಿದೆ. ರುಚಿ ಮಾತ್ರ ಇನ್ನೂ ನಾಲಿಗೆ ಮೇಲಿದೆ. ಹಳೇ ಬೀಗದ ಕೈ ಚೀಪಿದ ಹಾಗೆ. ಮೇಲಿನ ನಿಕಲ್ ಲೇಪ ಹಲ್ಲು ತಾಕುವ ಕಡೆ ಸವೆದು, ಒಳಗಿನ ಹಿತ್ತಾಳೆ ಹಳದಿಯಾಗಿ ಇಣುಕುತ್ತಿತ್ತು. ಮನೆಗೆ ಬಂದು ಹೇಳಿದರೆ ಅಜ್ಜಿ ಕೇಳಿದ್ದು ಒಂದೇ ಮಾತು: “ಆ ಮೇಷ್ಟ್ರ ಎಂಜಲು ಬಾಯಿಗಿಟ್ಟೆಯೇನೋ?”

ಅಜ್ಜಿಯ ಕಾನೂನಿನಲ್ಲಿ ಲೋಟ ಎತ್ತಿ ಕುಡಿಯಬೇಕು. ಕಚ್ಚಿ ಕುಡಿದರೆ ಲೋಟ ಸೀದಾ ಬಚ್ಚಲಿಗೆ. ಆದರೆ ಸೀಟಿಯನ್ನು ಎತ್ತಿ ಊದುವ ಉಪಾಯ ಯಾರಿಗೂ ಹೊಳೆದಿಲ್ಲ. ಕಚ್ಚಿಯೇ ಊದಬೇಕು. ಅಂಥ ಸಾಮಾನನ್ನು ಕಿಲುಬು ಹಿಡಿಯುವ ಹಿತ್ತಾಳೆಯಲ್ಲಿ ಯಾಕೆ ಮಾಡಿದರೋ ಅಂತ ನನಗೆ ಆಮೇಲೂ ಎಷ್ಟೋ ಸಲ ಅನ್ನಿಸಿದೆ.

ಯಾಕಂದರೆ ನಮ್ಮ ಅಡುಗೆಮನೆ ಆಗಲೇ ಹಿತ್ತಾಳೆಯನ್ನು ಅಟ್ಟಕ್ಕೆ ಹತ್ತಿಸಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸ ತಪ್ಪಿತು. “ಕಲಾಯ್” ಅಂತ ಕೂಗಿಕೊಂಡು ಬರುತ್ತಿದ್ದವನು ಬರುವುದು ಕಡಿಮೆಯಾಯಿತು. ಬಂದದ್ದು ಸ್ಟೀಲು. ಹುಳಿ ಹಾಕಿದರೂ ಬೇಜಾರಿಲ್ಲ, ಮಜ್ಜಿಗೆ ಹಾಕಿದರೂ ಬೇಜಾರಿಲ್ಲ. ಮದುವೆಗೆ ಕೊಟ್ಟ ಸ್ಟೀಲ್ ಡಬ್ಬಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು, ಕೊಟ್ಟವರೂ ತೆಗೆದುಕೊಂಡವರೂ ಹೋದಮೇಲೂ ಹಾಗೇ ಇದೆ.

ಈ ಸ್ಟೀಲು ಹುಟ್ಟಿದ್ದು ಬಾಯಿಗಾಗಿ ಅಲ್ಲ, ಬಂದೂಕಿಗಾಗಿ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ, ಬಂದೂಕಿನ ನಳಿಗೆ ಬೇಗ ಸವೆಯದಿರಲಿ ಎಂದು ಉಕ್ಕಿಗೆ ಕ್ರೋಮಿಯಂ ಬೆರೆಸಿ ನೋಡುತ್ತಿದ್ದ. ಬಂದೂಕಿಗೆ ಅದು ಎಷ್ಟು ಉಪಯೋಗಕ್ಕೆ ಬಂತೋ, ಆಸಿಡ್ಡಿಗೆ ಮಾತ್ರ ಅದು ಜಗ್ಗಲಿಲ್ಲ. ವಿನೆಗರಿಗೂ ನಿಂಬೆಹಣ್ಣಿಗೂ ಜಗ್ಗಲಿಲ್ಲ. ಊರು ಮೊದಲೇ ಚಾಕು ಚೂರಿಗೆ ಹೆಸರಾದದ್ದು. ಬಂದೂಕಿನ ಬಾಯಿಗೆ ಅಂತ ಹೊರಟದ್ದು ಊಟದ ಮೇಜು ಸೇರಿತು. ಗುಟ್ಟು ಇಷ್ಟೆ: ಕ್ರೋಮಿಯಂ ಗಾಳಿಯ ಜೊತೆ ಸೇರಿ ಮೈಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಗೀಚಿದರೆ ಪೊರೆ ಮತ್ತೆ ತಾನೇ ಕೂಡಿಕೊಳ್ಳುತ್ತದೆ. ಹಿತ್ತಾಳೆಯ ಮೇಲಿನ ನಿಕಲ್ ಲೇಪ ಹಾಗಲ್ಲ. ಒಮ್ಮೆ ಹೋದರೆ ಹೋಯಿತು, ನಮ್ಮ ಕಲಾಯಿಯ ಹಾಗೆ.

ಹಾಗಿದ್ದರೆ ಸೀಟಿಯೆಲ್ಲ ಸ್ಟೀಲಾಗಬೇಕಿತ್ತು, ಅಲ್ವಾ? ಆಗಲಿಲ್ಲ. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಹಡ್ಸನ್ 1884ರಲ್ಲಿ ಹೊರತಂದ ‘ಆಕ್ಮಿ ಥಂಡರರ್’ ಸೀಟಿ ಇಂದಿಗೂ ಹಿತ್ತಾಳೆಯದೇ ಸಿಗುತ್ತದೆ. ಕಾರಣ ದೊಡ್ಡದೇನಲ್ಲ. ಹಿತ್ತಾಳೆ ಮೆತ್ತಗಿನ ಸ್ವಭಾವದ್ದು. ಲೇತಿಗೆ ಕೊಟ್ಟರೆ ಸಲೀಸಾಗಿ ಕೊರೆಸಿಕೊಳ್ಳುತ್ತದೆ. ಬೆಸುಗೆಗೂ ಒಪ್ಪುತ್ತದೆ. ಸ್ಟೀಲು ಮೊಂಡು. ಕೊರೆದಷ್ಟೂ ಗಟ್ಟಿಯಾಗುವ ಬುದ್ಧಿ ಅದಕ್ಕೆ. ಉಳಿಯೇ ಸವೆಯುತ್ತದೆ, ಕೂಲಿ ಏರುತ್ತದೆ. ಅಷ್ಟು ಕಷ್ಟಪಟ್ಟು ಮಾಡಿದರೆ ಸದ್ದು ಬೇರೆ ಬರುತ್ತದೆಯೇ ಅಂದರೆ, ಅದೂ ಇಲ್ಲ. ಸೀಟಿಯಲ್ಲಿ ಹಾಡುವುದು ಲೋಹ ಅಲ್ಲ, ಒಳಗಿನ ಗಾಳಿ. ಗೂಡು ಎಷ್ಟು ದೊಡ್ಡದು, ಗಾಳಿ ಹೋಗಿ ಬಡಿಯುವ ಅಂಚು ಎಷ್ಟು ನೇರ, ಅಷ್ಟೇ ಲೆಕ್ಕ.

ಸ್ಯಾಕ್ಸಫೋನ್ ನುಡಿಸುವವರ ಮುಂದೆ ಹೀಗೆ ಹೇಳಿದರೆ ಜಗಳಕ್ಕೇ ಬರುತ್ತಾರೆ. ನಮ್ಮ ಕರಾವಳಿಯಲ್ಲಿ ಮದುವೆ, ಜಾತ್ರೆ ಅಂದರೆ ಸ್ಯಾಕ್ಸಫೋನ್ ಇರಲೇಬೇಕು. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತು, ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅದರ ಮೈಯೆಲ್ಲ ಹಿತ್ತಾಳೆ. ಆದರೆ ತುಟಿಗೆ ತಾಕುವ ಮೌತ್‌ಪೀಸು ಸಾಮಾನ್ಯವಾಗಿ ಎಬೊನೈಟಿನದು, ಅಂದರೆ ಗಟ್ಟಿ ಮಾಡಿದ ರಬ್ಬರಿನದು. ಅದಕ್ಕೆ ಕಟ್ಟುವ ಪೀಪಿ ಜೊಂಡಿನದು. ಸ್ಟೀಲ್ ಮೌತ್‌ಪೀಸೂ ಉಂಟು. ಇಂಗ್ಲೆಂಡಿನ ಬರ್ಗ್ ಲಾರ್ಸನ್ ಅವರದು ಅದರಲ್ಲೇ ಹೆಸರಾದದ್ದು. ಸ್ಟೀಲಿನದು ಜಾಸ್ತಿ ಚುರುಕು ಅನ್ನುವವರಿದ್ದಾರೆ. ಒಳಗಿನ ಆಕಾರ ಬೇರೆ, ಅದಕ್ಕೇ ಸದ್ದು ಬೇರೆ ಅನ್ನುವವರೂ ಇದ್ದಾರೆ. ನನ್ನ ವೋಟು ಎರಡನೆಯವರಿಗೆ. ಒಂದಂತೂ ನಿಜ, ಮೇಲಿನ ಹಲ್ಲು ಅದರ ಮೇಲೆ ಕೂರುವುದರಿಂದ ಅದುರು ತಲೆಗೇ ಹತ್ತುತ್ತದೆ. ಅದಕ್ಕೆ ಹಲ್ಲು ಕೂರುವ ಜಾಗಕ್ಕೆ ರಬ್ಬರಿನ ಚೂರೊಂದನ್ನು ಅಂಟಿಸಿಕೊಳ್ಳುತ್ತಾರೆ. ಲಕ್ಷಣವಾದ ಸ್ಟೀಲಿಗೆ ಪಂಕ್ಚರ್ ಪ್ಯಾಚು!

ಟ್ರಂಪೆಟ್ಟಿನವರ ಕಥೆ ಬೇರೆ. ಅವರ ಮೌತ್‌ಪೀಸು ಹಿತ್ತಾಳೆ, ಮೇಲೆ ಬೆಳ್ಳಿಯ ಲೇಪ. ವರ್ಷಗಟ್ಟಲೆ ತುಟಿ ಒತ್ತಿ ಬೆಳ್ಳಿ ಸವೆದರೆ ಕೆಲವರ ತುಟಿ ಕೆರೆಯುತ್ತದೆ, ಊದುತ್ತದೆ. ಅಂಥ ಕೆಲವರು ಸ್ಟೀಲಿಗೆ ಬದಲಾಯಿಸುತ್ತಾರೆ. ಇನ್ನೊಂದು ಲಾಭವನ್ನು ಕಾಫಿ ಕುಡಿಯುವವರೇ ಕಂಡುಕೊಳ್ಳಬಹುದು. ಬಿಸಿ ಕಾಫಿಯಲ್ಲಿ ಹಿತ್ತಾಳೆ ಚಮಚ ಬಿಟ್ಟರೆ ಹಿಡಿ ಬೇಗ ಸುಡುತ್ತದೆ, ಸ್ಟೀಲ್ ಚಮಚ ನಿಧಾನ. ಹಿತ್ತಾಳೆಯ ಏಳನೇ ಒಂದು ಪಾಲು ವೇಗದಲ್ಲಿ ಮಾತ್ರ ಅದು ಶಾಖ ದಾಟಿಸುತ್ತದೆ. ಹಾಗಾಗಿ ಚಳಿಯಲ್ಲಿ ತುಟಿಯ ಬಿಸಿಯನ್ನೂ ಅಷ್ಟು ಬೇಗ ಕಸಿಯುವುದಿಲ್ಲ.

ಸೀಟಿಯ ಹೊಟ್ಟೆಯ ಗೋಲಿಯನ್ನು ಮರೆತೆ. ಅದು ಕಾರ್ಕಿನದು, ಬಾಟಲಿಗೆ ಬಿರಡೆ ಹಾಕುತ್ತಾರಲ್ಲ, ಅದೇ. ಎಂಜಲಲ್ಲಿ ನೆನೆದು ಉಬ್ಬಿ ಸಿಕ್ಕಿಹಾಕಿಕೊಂಡರೆ ಸೀಟಿ ಮೂಗ. ಕೆನಡಾದ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಇದಕ್ಕೇ ರೋಸಿ, 1987ರಲ್ಲಿ ಗೋಲಿಯೇ ಇಲ್ಲದ ಪ್ಲಾಸ್ಟಿಕ್ ಸೀಟಿ ತಂದರು. ಲೋಹದ ಜಗಳವೇ ಮುಗಿಯಿತು. ಈಗ ಮೈದಾನದಲ್ಲಿ ಅದೇ ಜಾಸ್ತಿ.

ನಾನು ಮಾತ್ರ ಹಟಕ್ಕೆ ಒಂದು ಸ್ಟೀಲ್ ಸೀಟಿ ಕೊಂಡೆ. ಗೋಲಿಯಿಲ್ಲದ್ದು, ಚಪ್ಪಟೆ. ಬಾಯಲ್ಲಿಟ್ಟರೆ ಏನೂ ರುಚಿಯಿಲ್ಲ, ಸ್ವಲ್ಪ ನಿರಾಸೆಯೇ ಆಯಿತು. ಮೊನ್ನೆ ಪಕ್ಕದ ಮನೆ ಹುಡುಗ ಬಂದು, ಕೇಳದೆ ಎತ್ತಿಕೊಂಡು ಮನಸಾರೆ ಊದಿದ. ನನ್ನೊಳಗಿನ ಅಜ್ಜಿ ಎದ್ದು ಕೂತಳು. ಹುಡುಗ ಹೋದಮೇಲೆ ಸೀಟಿಯನ್ನು ತಂದು ಹೆಂಡತಿಯ ಮುಂದೆ ಹಿಡಿದೆ. ಅವಳು ಏನೂ ಕೇಳದೆ ಒಂದು ಬಟ್ಟಲು ನೀರಿಗೆ ಹಾಕಿ, ಕುಕ್ಕರಿನಲ್ಲಿ ಬೇಳೆಯ ಪಾತ್ರೆಯ ಮೇಲೆ ಇಟ್ಟಳು. ಒಳಗೆ ನೂರಿಪ್ಪತ್ತು ಡಿಗ್ರಿ, ಯಾವ ಎಂಜಲೂ ಉಳಿಯುವುದಿಲ್ಲ. ಮೇಲಿನ ಸೀಟಿ ಮೂರು ಸಲ ಕೂಗಿತು. ಅದಕ್ಕೆ ಯಾರ ಬಾಯೂ ತಾಕುವುದಿಲ್ಲ, ಊದುವುದು ಹಬೆ. ಅಜ್ಜಿ ಮೆಚ್ಚುವ ಸೀಟಿ ಅದೊಂದೇ ಇರಬೇಕು.

ಮಾರನೇ ದಿನ ಹುಡುಗ ಮತ್ತೆ ಬಂದ. ಊದಿದ. ನಿಲ್ಲಿಸಿ, ತುಟಿ ಸವರಿಕೊಂಡು, ಸೀಟಿಯನ್ನು ತಿರುಗಿಸಿ ನೋಡಿದ.

“ಅಂಕಲ್, ಇದು ಇವತ್ತು ಸಾರಿನ ಥರ ಇದೆ.”