ಗಿರಿಯ ಬೆಂಕಿಗೆ ಕ್ಯಾಮೆರಾ ಕಾವಲು ಬೇಕೇ?

ಕಾಡ್ಗಿಚ್ಚಿನ ಹೊಗೆ ಬೇಗ ಕಾಣಲೆಂದು ಗಿರಿಯ ಮೇಲೆ ಗೋಪುರ ಕಟ್ಟಿ ಕ್ಯಾಮೆರಾ ಇಡಬೇಕೇ? ಇದಕ್ಕೆ ಪರ ಒಂದು ಮಾತು, ವಿರೋಧ ಒಂದು ಮಾತು.

ಪರ: ಹೊಗೆ ಕಂಡ ಕೂಡಲೇ ಓಡಬೇಕು

ಫೆಬ್ರವರಿ ಹೊತ್ತಿಗೆ ಮುಳ್ಳಯ್ಯನಗಿರಿಯ ಹುಲ್ಲು ಪೂರ್ತಿ ಒಣಗಿರುತ್ತದೆ. ತಳದಲ್ಲಿ ಕಿಡಿ ಬಿದ್ದರೆ ಬೆಂಕಿ ಗುಡ್ಡ ಹತ್ತಿ ಓಡುತ್ತದೆ. ಇಳಿಜಾರು 10 ಡಿಗ್ರಿ ಜಾಸ್ತಿಯಾದರೆ ಬೆಂಕಿಯ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬ ಲೆಕ್ಕವಿದೆ. ಅರ್ಧ ಗಂಟೆ ತಡವಾದರೆ ಒಂದು ಗುಡ್ಡವೇ ಹೋಯಿತು.

ಉಪಗ್ರಹ ನೋಡುತ್ತಿದೆಯಲ್ಲ ಎನ್ನುತ್ತಾರೆ. ನಿಜ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಬೆಂಕಿಯ ಸೂಚನೆ ಕೊಡುತ್ತಿದೆ. ಹೆಸರು ನೋಂದಾಯಿಸಿದರೆ ನಮ್ಮಂಥವರ ಮೊಬೈಲಿಗೂ ಎಸ್‌ಎಂಎಸ್ ಬರುತ್ತದೆ. ತೋಟದವರೆಲ್ಲ ಮಾಡಿಸಿಕೊಳ್ಳಬೇಕಾದ ಕೆಲಸ ಅದು. ಆದರೆ ಅದರ ಕಣ್ಣಿಗೂ ಮಿತಿಯಿದೆ. ಉಪಗ್ರಹದಲ್ಲಿ ಕೂತು ಬೆಂಕಿಯ ಶಾಖ ಗುರುತಿಸುವ ವಿಐಐಆರ್‌ಎಸ್ ಸಂವೇದಕದ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಸುಮಾರು 375 ಮೀಟರ್. ಅದನ್ನು ಹೊತ್ತ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಸಂಜೆ ನಾಲ್ಕಕ್ಕೆ ಹತ್ತಿದ ಬೆಂಕಿ ಅವುಗಳಿಗೆ ಕಾಣುವಷ್ಟರಲ್ಲಿ ಹುಲ್ಲು ದಾಟಿ, ಗುಡ್ಡಗಳ ನಡುವಿನ ಕಣಿವೆಯಲ್ಲಿ ಬೆಳೆಯುವ ದಟ್ಟ ಶೋಲಾ ಕಾಡಿನ ಅಂಚು ಮುಟ್ಟಿರಬಹುದು. ಹುಲ್ಲು ಮಳೆಗೆ ಮತ್ತೆ ಚಿಗುರುತ್ತದೆ. ಶೋಲಾ ಮರ ಸುಟ್ಟರೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ವೇದಾ, ಅವತಿ ಹೊಳೆಗಳು ಹುಟ್ಟುವುದು ಇದೇ ಗಿರಿಸಾಲಿನಲ್ಲಿ. ಕಡೂರಿನ ಕಡೆಗೆ ಹರಿಯುವ ನೀರು ಅದು.

ಎತ್ತರದಲ್ಲಿ ನಿಂತ ಕ್ಯಾಮೆರಾ ಹಗಲಿಡೀ ನೋಡುತ್ತದೆ. ಹೊಗೆ ಎದ್ದ ಕೆಲವೇ ನಿಮಿಷದಲ್ಲಿ ಆ ಭಾಗದ ಕಾಡು ಕಾಯುವ ಬೀಟ್ ಗಾರ್ಡಿಗೆ ಜಾಗ ಗೊತ್ತಾಗುತ್ತದೆ. ಆ ಕೆಲವು ನಿಮಿಷಕ್ಕೆ ದುಡ್ಡು ಹಾಕುವುದು ತಪ್ಪಲ್ಲ.

ವಿರೋಧ: ಗೊತ್ತಾದ ಮೇಲೆ ಹೋಗುವವರು ಯಾರು?

ಕ್ಯಾಮೆರಾ ಹೊಗೆ ತೋರಿಸಿತು ಅಂದುಕೊಳ್ಳೋಣ. ಮುಂದೆ? ಜೀಪು ಒಂದು ಹಂತದವರೆಗೆ ಹೋಗುತ್ತದೆ. ಅಲ್ಲಿಂದ ನಡಿಗೆ. ನೀರಿನ ಗಾಡಿ ಆ ಇಳಿಜಾರಿಗೆ ಏರುವುದಿಲ್ಲ. ಕೊನೆಗೆ ಬೆಂಕಿ ಆರಿಸುವುದು ಹಸಿ ಸೊಪ್ಪು ಹಿಡಿದು ಬಡಿಯುವ ಕೈಗಳೇ. ಆ ಕೈಗಳು ನಾಲ್ಕೇ ಇದ್ದರೆ, ಐದು ನಿಮಿಷಕ್ಕೆ ಗೊತ್ತಾದರೂ ಅಷ್ಟೇ, ಐದು ಗಂಟೆ ಬಿಟ್ಟು ಗೊತ್ತಾದರೂ ಅಷ್ಟೇ.

ನಮ್ಮ ಕಾಡಿಗೆ ಬೆಂಕಿ ತಾನಾಗಿ ಬೀಳುವುದು ತೀರಾ ಅಪರೂಪ. ದನಕ್ಕೆ ಹೊಸ ಹುಲ್ಲು ಬರಲಿ ಎಂದು ಕೊಡುವ ಬೆಂಕಿ, ಬೀಡಿ ತುಂಡು, ಪ್ರವಾಸಿಗರ ಒಲೆ, ಇಲಾಖೆಯ ಮೇಲಿನ ಸಿಟ್ಟು. ಬಹುಪಾಲು ಮನುಷ್ಯರದ್ದೇ. ಕೊನೆಯ ಕಾರಣ ನನ್ನನ್ನು ಜಾಸ್ತಿ ಕಾಡುತ್ತದೆ. ಊರಿನವರನ್ನು ಕಳ್ಳರ ಹಾಗೆ ನೋಡಿದರೆ ಅವರು ಕಾಡು ಕಾಯುವುದಿಲ್ಲ. ಊರಿನ ಹುಡುಗನನ್ನೇ ಬೆಂಕಿ ಕಾಯುವ ವಾಚರ್ ಮಾಡಿ, ಕೂಲಿಯನ್ನು ತಿಂಗಳಿಗೆ ಸರಿಯಾಗಿ ಕೊಟ್ಟರೆ, ಯಾರ ದನ ಯಾವ ಗುಡ್ಡದಲ್ಲಿದೆ ಎಂಬುದು ಅವನಿಗೆ ಮೊದಲೇ ಗೊತ್ತಿರುತ್ತದೆ. ಕಡ್ಡಿ ಗೀರುವ ಮೊದಲೇ ಬರುವ ಮುನ್ನೆಚ್ಚರಿಕೆ ಅದು. ಕ್ಯಾಮೆರಾ ಹೇಳುವುದು ಹೊಗೆ ಎದ್ದ ಮೇಲೆ.

ಇನ್ನೊಂದು ಮಾತು. ಕ್ಯಾಮೆರಾದ ಗೋಪುರ ಸುಮ್ನೆ ನಿಲ್ಲುವುದಿಲ್ಲ. ಅದಕ್ಕೆ ಅಡಿಪಾಯ ಬೇಕು, ಸಾಮಾನು ಸಾಗಿಸಲು ದಾರಿ ಬೇಕು. ಹುಲ್ಲುಗಾವಲಿನಲ್ಲಿ ದಾರಿ ಕಡಿದರೆ ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಹೋಗುತ್ತದೆ, ಬೇಸಿಗೆಯಲ್ಲಿ ಅದೇ ದಾರಿಯಲ್ಲಿ ಇನ್ನಷ್ಟು ಜನ ಹತ್ತುತ್ತಾರೆ. ಕಾಯಲು ಹೊರಟ ಜಾಗವನ್ನೇ ಕೆಡಿಸಿದ ಹಾಗಲ್ವಾ?

ಕ್ಯಾಮೆರಾ ಬೇಡವೇ ಬೇಡ ಎನ್ನುತ್ತಿಲ್ಲ. ಈಗಾಗಲೇ ನಿಂತಿರುವ ಕಂಬದ ಮೇಲೆ ಒಂದು ಇಡಲಿ. ಆದರೆ ದುಡ್ಡು ಮೊದಲು ಹೋಗಬೇಕಾದದ್ದು ಬೆಂಕಿ ರೇಖೆಗೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ಸವರಿ ಮಾಡುವ ಬರಿ ಪಟ್ಟಿಗೆ, ಮತ್ತು ವಾಚರ್‌ಗಳ ಕೂಲಿಗೆ. ಹುಲ್ಲು ಒಣಗುವ ಮುಂಚೆ ರೇಖೆ ಸವರಿರಬೇಕು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ನೆಲ ಒದ್ದೆಯಾಗುವವರೆಗೆ ಒಬ್ಬ ವಾಚರ್‌ನನ್ನೂ ಮನೆಗೆ ಕಳಿಸಬಾರದು.