ಲೋವರಿಂಗ್ ಸ್ಪ್ರಿಂಗಾ, ಕಾಯಿಲೋವರಾ? ಮೊದಲು ಶಾಕ್ ಎಷ್ಟು ಚಲಿಸುತ್ತೆ ಅಂತ ನೋಡಿ

"ಗಾಡಿ ಎರಡು ಬೆರಳು ಇಳಿಸಬೇಕು, ಸ್ಪ್ರಿಂಗ್ ಸಾಕಾ, ಕಾಯಿಲೋವರೇ ಹಾಕಿಸಬೇಕಾ?" ಅಂತ ಕೇಳಿದರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಸಿಗೋ ಉತ್ತರ ನಿಮ್ಮ ಜೇಬು ನೋಡಿ ಬಂದಿರುತ್ತೆ. ದುಡ್ಡಿದ್ದರೆ ಕಾಯಿಲೋವರ್ (ಸ್ಪ್ರಿಂಗೂ ಶಾಕೂ ಸೇರಿ ಬರೋ, ಎತ್ತರ ಹೊಂದಿಸಬಹುದಾದ ಕಿಟ್), ಇಲ್ಲದಿದ್ದರೆ ಗಾಡಿ ಇಳಿಸೋ ಸ್ಪ್ರಿಂಗ್ ಮಾತ್ರ. ಈ ಲೆಕ್ಕವೇ ತಪ್ಪು ಅಂತ ನನ್ನ ಅಭಿಪ್ರಾಯ. ಪೋಲೊ, ಐ20, ಸ್ವಿಫ್ಟ್‌ನಂಥ ದಿನಾ ಆಫೀಸಿಗೆ ಹೋಗಿಬರೋ ಗಾಡಿಗೆ ಬಹುತೇಕ ಸಲ ಇವೆರಡರ ನಡುವಿನ ದಾರಿಯೇ ಸರಿ: 25–30 ಮಿ.ಮೀ. ಮಾತ್ರ ಇಳಿಸೋ ಸ್ಪ್ರಿಂಗ್, ಜೊತೆಗೆ ಅದಕ್ಕೆಂದೇ ಮಾಡಿದ ಗಿಡ್ಡ ಶಾಕ್ (ಶಾಕ್ ಅಬ್ಸಾರ್ಬರ್).

ಯಾಕೆ ಅಂತ ಹೇಳ್ತೀನಿ. ಗಾಡಿ ನಿಂತಿರೋ ಎತ್ತರದಿಂದ ಬಂಪ್ ಸ್ಟಾಪ್ (ಚಲನೆಯ ಕೊನೆಯಲ್ಲಿ ಹೊಡೆತ ತಡೆಯೋ ಮೆತ್ತನೆ ತುಂಡು) ತಾಗೋವರೆಗೆ ಚಕ್ರ ಮೇಲಕ್ಕೇಳಲು ಇರೋ ಜಾಗ 70 ಮಿ.ಮೀ. ಅಂತಿಟ್ಟುಕೊಳ್ಳಿ. 35 ಮಿ.ಮೀ. ಇಳಿಸಿದಿರಿ, ಜಾಗ ಅರ್ಧಕ್ಕರ್ಧ ಹೋಯ್ತು. ಸ್ಪ್ರಿಂಗ್ ಹೀರಿಕೊಳ್ಳೋ ಶಕ್ತಿ ಚಲನೆಯ ವರ್ಗದ ಲೆಕ್ಕದಲ್ಲಿ ಏರುತ್ತೆ. ಅಂದರೆ ಅದೇ ಗುಂಡಿಯ ಹೊಡೆತವನ್ನು ಅರ್ಧ ಜಾಗದಲ್ಲಿ ಹೀರಬೇಕಾದರೆ ಸ್ಪ್ರಿಂಗ್ ನಾಲ್ಕು ಪಟ್ಟು ಗಟ್ಟಿ ಇರಬೇಕು. ರಸ್ತೆಗೆಂದು ಮಾರೋ ಯಾವ ಲೋವರಿಂಗ್ ಸ್ಪ್ರಿಂಗೂ ಅಷ್ಟು ಗಟ್ಟಿ ಇರಲ್ಲ. ಉಳಿದ ಹೊಡೆತವನ್ನೆಲ್ಲ ಬಂಪ್ ಸ್ಟಾಪ್ ತಿನ್ನುತ್ತೆ, ಅದು ಪುಡಿಯಾದ ಮೇಲೆ ಶಾಕ್ ಒಳಗಿನ ವಾಲ್ವ್, ಶಾಕಿನ ಮೇಲ್ತುದಿ ಹಿಡಿಯೋ ಸ್ಟ್ರಟ್ ಮೌಂಟ್. "ಸ್ಪ್ರಿಂಗ್ ಹಾಕಿಸಿದ ಆರು ತಿಂಗಳಿಗೆ ಶಾಕ್ ಆಯಿಲ್ ಬಿಟ್ಟಿತು" ಅನ್ನೋ ದೂರಿನ ಹಿಂದೆ ಹೆಚ್ಚಾಗಿ ಇರೋದು ಇದೇ.

ಇನ್ನೊಂದು ತೊಂದರೆ ಡ್ಯಾಂಪಿಂಗ್‌ದು, ಅಂದರೆ ಸ್ಪ್ರಿಂಗಿನ ಕುಣಿತವನ್ನು ಶಾಕ್ ಹಿಡಿದು ನಿಲ್ಲಿಸೋದರದು. ಕಂಪನಿ ಶಾಕ್ ಕಂಪನಿ ಸ್ಪ್ರಿಂಗಿಗೆ ಹೊಂದಿಸಿ ಮಾಡಿದ್ದು. ಸ್ಪ್ರಿಂಗ್ 30% ಗಟ್ಟಿಯಾದರೆ ಅದೇ ಶಾಕಿನ ಹಿಡಿತ ಲೆಕ್ಕದಲ್ಲಿ ಸುಮಾರು 12% ಕಡಿಮೆಯಾಗುತ್ತೆ. ಹೊಸ ಶಾಕ್ ಇದ್ದರೆ ತಡೆದುಕೊಳ್ಳುತ್ತೆ. 60,000 ಕಿ.ಮೀ. ಓಡಿ ಅರ್ಧ ಸತ್ತ ಶಾಕ್ ಮೇಲೆ ಹೊಸ ಸ್ಪ್ರಿಂಗ್ ಕೂರಿಸಿದರೆ ಹೈವೇಯಲ್ಲಿ ಗಾಡಿ ಕುಣಿಯುತ್ತೆ, ಊರೊಳಗೆ ಕುಕ್ಕುತ್ತೆ. ಬೈಗುಳ ಮಾತ್ರ ಸ್ಪ್ರಿಂಗಿಗೆ.

ಗಿಡ್ಡ ಶಾಕಿನ ಉಪಯೋಗ ಇಲ್ಲೇ ಇರೋದು. ಇಳಿದ ಎತ್ತರದಲ್ಲೂ ಪಿಸ್ಟನ್‌ಗೆ ಓಡಾಡೋ ಜಾಗ ಉಳಿಯುತ್ತೆ, ವಾಲ್ವಿಂಗ್ (ಶಾಕ್ ಒಳಗಿನ ಎಣ್ಣೆಯ ಹರಿವಿನ ಹೊಂದಿಕೆ) ಕೂಡ ಗಟ್ಟಿ ಸ್ಪ್ರಿಂಗಿಗೆ ತಕ್ಕಂತೆ ಇರುತ್ತೆ. ಬಿಲ್‌ಸ್ಟೀನ್ ಬಿ8 ಈ ಜಾತಿಯದು. ಅದಕ್ಕೇ ಐಬಾಕ್ ಸ್ಪ್ರಿಂಗ್ ಜೋಡಿಸಿ ಬಿ12 ಕಿಟ್ ಅಂತ ಬರುತ್ತೆ. ಬಿ6 ಮಾಮೂಲಿ ಉದ್ದದ್ದು, ಗೊಂದಲ ಮಾಡಿಕೊಳ್ಳಬೇಡಿ. ಪಾರ್ಟ್ ನಂಬರ್ ನೋಡುವಾಗ ಮುಂದಿನ ಆಕ್ಸಲ್ ಎಷ್ಟು ಭಾರಕ್ಕೆ ಅನ್ನೋದನ್ನೂ ನೋಡಿ. ಡೀಸೆಲ್ ಎಂಜಿನ್ ತೂಕ ಜಾಸ್ತಿ. ಪೆಟ್ರೋಲ್ ಗಾಡಿಯ ಸ್ಪ್ರಿಂಗ್ ಹಾಕಿದರೆ ಮೂತಿ ನೆಲ ಮೂಸುತ್ತೆ.

ಎಷ್ಟು ಇಳಿಸಬಹುದು? ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ದಿಬ್ಬ. ಎರಡೂವರೆ ಮೀಟರ್ ವೀಲ್‌ಬೇಸಿನ ಗಾಡಿ ಅದರ ನೆತ್ತಿಯ ಮೇಲಿದ್ದಾಗ ನಾಲ್ಕೂ ಚಕ್ರ ಹಂಪ್ ಮೇಲೇ ಇರ್ತವೆ; ಹೊಟ್ಟೆಯ ಕೆಳಗೆ ದಿಬ್ಬ ಉಬ್ಬೋದು ಬರೀ 4.5 ಸೆಂ.ಮೀ.ಯಷ್ಟು. 120 ಮಿ.ಮೀ. ಕ್ಲಿಯರೆನ್ಸ್ ಇರೋ ಗಾಡಿಯೂ ಆರಾಮಾಗಿ ದಾಟುತ್ತೆ. ಆದರೆ ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಹುಟ್ಟೋ ಹಂಪ್ ಎರಡಡಿ ಅಗಲ, ಅರ್ಧ ಅಡಿ ಎತ್ತರ! ಅದರ ಎತ್ತರವೆಲ್ಲ ಹೊಟ್ಟೆಯಡಿಗೇ ಬರುತ್ತೆ, ಮುಂದಿನ ಚಕ್ರ ಇಳಿದಾಗ ಸ್ಪ್ರಿಂಗ್ ಕುಗ್ಗೋದು ಬೇರೆ. 165 ಮಿ.ಮೀ. ಇದ್ದ ಗಾಡಿ 35 ಇಳಿಸಿ 130ಕ್ಕೆ ಬಂದರೆ ಮೊದಲು ಸವೆಯೋದು ಎಂಜಿನ್ ಅಡಿಯ ಪ್ಲಾಸ್ಟಿಕ್ ಕವರ್, ಆಮೇಲೆ ಆಯಿಲ್ ಸಂಪ್. ಹಿಂದೆ ಮೂವರು, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಶಿರಾಡಿ ಘಾಟಿ ಇಳಿಯೋರು 25ರ ಆಚೆ ಯೋಚನೆಯನ್ನೇ ಮಾಡಬೇಡಿ.

50 ಮಿ.ಮೀ. ಇಳಿಸಿದರೆ ತಿರುವಿನಲ್ಲಿ ಗಾಡಿ ಅಂಟಿಕೊಂಡು ಹೋಗುತ್ತೆ ಅನ್ನೋ ನಂಬಿಕೆಯೂ ಪೂರ್ತಿ ನಿಜವಲ್ಲ. ಇಂಥ ಗಾಡಿಗಳ ಮುಂದಿರೋ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ (ಸ್ಪ್ರಿಂಗ್, ಶಾಕ್ ಒಂದೇ ಕಂಬದಲ್ಲಿರೋ ಜೋಡಣೆ) ಜಾಸ್ತಿ ಇಳಿಸಿದರೆ ಕೆಳಗಿನ ಆರ್ಮಿನ ಹೊರತುದಿ ಮೇಲಕ್ಕೇಳುತ್ತೆ, ರೋಲ್ ಸೆಂಟರ್ (ತಿರುವಿನಲ್ಲಿ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಅದು) ಗಾಡಿಯ ತೂಕದ ಕೇಂದ್ರಕ್ಕಿಂತ ಜಾಸ್ತಿ ಕುಸಿಯುತ್ತೆ. ಸ್ಪ್ರಿಂಗ್ ಸಾಕಷ್ಟು ಗಟ್ಟಿ ಇಲ್ಲದಿದ್ದರೆ ಗಾಡಿ ಮೊದಲಿಗಿಂತ ಹೆಚ್ಚೇ ವಾಲುತ್ತೆ.

ಈಗ ಕಾಯಿಲೋವರ್. ಎಲ್ಲವೂ ಒಂದೇ ಥರ ಅಲ್ಲ. ಒಂದು ಬಗೆಯಲ್ಲಿ ಸ್ಪ್ರಿಂಗ್ ಕೂರೋ ತಟ್ಟೆಯನ್ನೇ ತಿರುಗಿಸಿ ಇಳಿಸ್ತಾರೆ. ಇಳಿಸಿದಷ್ಟೂ ಶಾಕಿನ ಚಲನೆ ಕಡಿಮೆಯಾಗುತ್ತೆ, ಮೇಲೆ ಹೇಳಿದ ಕಥೆಯೇ. ಇನ್ನೊಂದರಲ್ಲಿ ಸ್ಪ್ರಿಂಗ್ ಹಾಗೇ ಬಿಟ್ಟು ಕೆಳಗಿನ ಬ್ರ್ಯಾಕೆಟ್ ತಿರುಗಿಸಿ ಇಡೀ ಸ್ಟ್ರಟ್ಟಿನ ಉದ್ದ ಕಡಿಮೆ ಮಾಡಬಹುದು. ಚಲನೆ ಉಳಿಯುತ್ತೆ, ಆದರೆ ಟೈರ್ ಮಡ್‌ಗಾರ್ಡ್ ಒಳಗಿನ ಲೈನರಿಗೆ ಉಜ್ಜುತ್ತಾ ಅಂತ ನೋಡಬೇಕು. ತಟ್ಟೆ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ ಅಂತ ಹೇಳೋ ಮೆಕ್ಯಾನಿಕ್ ಸಿಕ್ಕರೆ ಬೇರೆ ಗ್ಯಾರೇಜ್ ಹುಡುಕಿ. ಲೀನಿಯರ್ (ಎಷ್ಟು ಒತ್ತಿದರೂ ಒಂದೇ ಗಟ್ಟಿತನದ) ಸ್ಪ್ರಿಂಗಿನ ಗಟ್ಟಿತನ ತಂತಿಯ ದಪ್ಪ, ಸುರುಳಿಯ ಅಗಲ, ಸುರುಳಿಗಳ ಸಂಖ್ಯೆಯಿಂದ ಬರೋದು. ತಟ್ಟೆ ತಿರುಗಿಸಿದರೆ ಎತ್ತರ ಮಾತ್ರ ಬದಲಾಗುತ್ತೆ.

ಎತ್ತರ ಬದಲಾಯಿಸಬಹುದು ಅಂದ ಮಾತ್ರಕ್ಕೆ ಡ್ಯಾಂಪಿಂಗೂ ಬದಲಾಯಿಸಬಹುದು ಅಂತಲ್ಲ. ಕೆಡಬ್ಲ್ಯು ಕಂಪನಿಯ ವಿ1, ಬಿಲ್‌ಸ್ಟೀನ್ ಬಿ14 ಎರಡರಲ್ಲೂ ಎತ್ತರ ಮಾತ್ರ. ಕೆಡಬ್ಲ್ಯು ವಿ2ನಲ್ಲಿ ರಿಬೌಂಡ್ (ಶಾಕ್ ಚಾಚುವಾಗಿನ ಹಿಡಿತ), ವಿ3ಯಲ್ಲಿ ರಿಬೌಂಡೂ ಕಂಪ್ರೆಷನ್ನೂ (ಕುಗ್ಗುವಾಗಿನ ಹಿಡಿತ) ಬೇರೆಬೇರೆ ಹೊಂದಿಸಬಹುದು. ಇನ್ನೊಂದು ತಮಾಷೆ: ಪೋಲೊದಂಥ ಟ್ವಿಸ್ಟ್ ಬೀಮ್ (ಹಿಂದಿನ ಎರಡೂ ಚಕ್ರ ಒಂದೇ ತೊಲೆಗೆ ಜೋಡಿಸಿರೋ) ಗಾಡಿಗಳಲ್ಲಿ ಹಿಂದೆ ಸ್ಪ್ರಿಂಗೇ ಬೇರೆ ಕಡೆ, ಶಾಕೇ ಬೇರೆ ಕಡೆ. ಹಾಗಾಗಿ ದುಬಾರಿ ಕಾಯಿಲೋವರ್ ಕಿಟ್‌ನಲ್ಲೂ ಹಿಂದಕ್ಕೆ ಬರೋದು ಒಂದು ಸ್ಪ್ರಿಂಗ್, ಎತ್ತರ ಹೊಂದಿಸೋ ಒಂದು ತಟ್ಟೆ, ಒಂದು ಶಾಕ್ ಅಷ್ಟೇ.

ಕೊಯಮತ್ತೂರಿನ ಕಾರಿ ರೇಸ್ ಟ್ರ್ಯಾಕಿಗೋ ಚೆನ್ನೈ ಟ್ರ್ಯಾಕಿಗೋ ವರ್ಷಕ್ಕೆ ನಾಲ್ಕು ಸಲ ಹೋಗೋರಿದ್ದರೆ, ನಾಲ್ಕು ಚಕ್ರದ ತೂಕ ತಕ್ಕಡಿಯಲ್ಲಿ ನೋಡಿ ಹೊಂದಿಸೋ ತಾಳ್ಮೆ ಇದ್ದರೆ ಕಾಯಿಲೋವರ್‌ಗೆ ಸುರಿದ ದುಡ್ಡು ಸಾರ್ಥಕ. ಒಂದು ಸಲ ಎತ್ತರ ಕೂರಿಸಿ ಮತ್ತೆ ಮುಟ್ಟದೇ ಇರೋರಿಗೆ ಅದು ದುಬಾರಿ ಸ್ಪ್ರಿಂಗ್. ಮಂಗಳೂರು, ಉಡುಪಿ ಕಡೆಯವರಂತೂ ಸ್ಟೇನ್‌ಲೆಸ್ ಬಾಡಿ ಇಲ್ಲದ ಕಿಟ್ ಬೇಡವೇ ಬೇಡ. ಎರಡು ಮಳೆಗಾಲಕ್ಕೆ ಥ್ರೆಡ್ ತುಕ್ಕು ಹಿಡಿದು ಎತ್ತರ ಹೊಂದಿಸೋ ರಿಂಗ್ ಜಪ್ಪಯ್ಯ ಅಂದರೂ ಅಲ್ಲಾಡಲ್ಲ.

ಹಳೇ ಸ್ಪ್ರಿಂಗನ್ನೇ ಗ್ರೈಂಡರ್‌ನಲ್ಲಿ ಒಂದು ಸುತ್ತು ಕತ್ತರಿಸೋದು ಮೂರನೇ ಆಯ್ಕೆ ಅಲ್ಲ. ತುದಿ ತಟ್ಟೆಯ ಮೇಲೆ ಸರಿಯಾಗಿ ಕೂರಲ್ಲ, ಜ್ಯಾಕ್ ಹಾಕಿ ಚಕ್ರ ನೇತಾಡಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಡುತ್ತೆ. ಯಾವ ಸ್ಪ್ರಿಂಗ್ ಹಾಕಿಸಿದರೂ ಚಕ್ರ ಪೂರ್ತಿ ನೇತಾಡುವಾಗ ಕೈಯಲ್ಲಿ ಅಲ್ಲಾಡಿಸಿ ನೋಡಿ, ಅಲ್ಲಾಡಬಾರದು.

ಫಿಟ್ಟಿಂಗ್ ದಿನ ಬಂಪ್ ಸ್ಟಾಪ್, ಡಸ್ಟ್ ಬೂಟ್, ಸ್ಟ್ರಟ್ ಮೌಂಟ್, ಬೇರಿಂಗ್ ಹೊಸದು ಹಾಕಿಸಿ, ಲೇಬರ್ ಒಂದೇ. ಮುಂದಿನ ಸ್ಟ್ರಟ್ ಬಿಚ್ಚುವಾಗ ಕಂಪ್ರೆಸರ್ ಎದುರುಬದುರು ಎರಡೂ ಕಡೆ ಹಿಡಿದಿರಬೇಕು, ಸ್ಪ್ರಿಂಗ್ ತಟ್ಟೆ ಬಿಟ್ಟು ಸಡಿಲವಾಗೋವರೆಗೆ ಮೇಲಿನ ನಟ್ ಮುಟ್ಟಬಾರದು. ಕಂಟ್ರೋಲ್ ಆರ್ಮ್, ಹಿಂದಿನ ಬೀಮ್ ಬುಷ್‌ಗಳ ಬೋಲ್ಟ್ ಸಡಿಲಿಸಿದ್ದರೆ ಗಾಡಿ ಚಕ್ರದ ಮೇಲೆ ನಿಂತ ಮೇಲೇ ಬಿಗಿ ಮಾಡಿಸಿ. ಲಿಫ್ಟ್ ಮೇಲೆ ನೇತಾಡುತ್ತಿರುವಾಗ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋದು) ಅವತ್ತೇ ಒಂದು ಸಲ ಸರಿ ಮಾಡಿಸಿ, 500 ಕಿ.ಮೀ. ಓಡಿ ಸ್ಪ್ರಿಂಗ್ ಕೂತ ಮೇಲೆ ಇನ್ನೊಂದು ಸಲ. ಟೈರಿನ ಒಳ ಅಂಚು ತಿನ್ನೋದರಲ್ಲಿ ಕ್ಯಾಂಬರ್‌ಗಿಂತ (ಮುಂದಿನಿಂದ ನೋಡಿದಾಗ ಚಕ್ರ ವಾಲಿರೋದು) ಟೋ ಪಾತ್ರ ದೊಡ್ಡದು. ಹೆಡ್‌ಲೈಟ್ ಮಟ್ಟವನ್ನೂ ಆಗಲೇ ನೋಡಿಸಿ.

ಬಿಚ್ಚಿದ ಕಂಪನಿ ಸ್ಪ್ರಿಂಗ್, ಶಾಕ್ ಗುಜರಿಗೆ ಹಾಕಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಎಫ್‌ಸಿಗೆ ಹೋಗುವಾಗಲೋ ಮಾರುವಾಗಲೋ ಅವು ಬೇಕಾಗುತ್ತವೆ. ಎಡ, ಬಲ ಅಂತ ಬರೆದು ಎಣ್ಣೆ ಸವರಿ ಅಟ್ಟದ ಮೇಲಿಡಿ.