ಎ ಸೈಡಿನ ಏಳನೆಯ ಹಾಡು

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನಾನು ಕೆಲಸ ಮಾಡುವ ಉಕ್ಕು ಪರೀಕ್ಷೆಯ ಪ್ರಯೋಗಶಾಲೆಯಲ್ಲಿ ದಿನವಿಡೀ ಒಂದು ರೇಡಿಯೊ ಸಣ್ಣ ದನಿಯಲ್ಲಿ ಹಾಡುತ್ತಿರುತ್ತದೆ. ಕೆಲವು ತಿಂಗಳ ಹಿಂದೆ ಅದರಲ್ಲಿ ಯಾವುದೋ ಹಳೆಯ ಹಾಡು ಶುರುವಾಗಿ, ಗಾಯಕನ ದನಿ ಇನ್ನೂ ಕೇಳಿಸುವ ಮೊದಲೇ, ಪಕ್ಕದ ಮೇಜಿನ ಸಹೋದ್ಯೋಗಿ ತಲೆಯೆತ್ತದೆ, "ಎಂಬತ್ತಮೂರನೇ ಇಸವಿ, ಬೇಸಿಗೆ ಮುಗಿಯುವ ಹೊತ್ತು, ಹದಿನಾಲ್ಕನೆಯ ಸ್ಥಾನಕ್ಕೆ ಬಂದು ನಿಂತುಬಿಟ್ಟಿತು" ಎಂದರು. ಅರವತ್ತರ ಹತ್ತಿರದ, ಮಾತು ಕಡಿಮೆ ಇರುವ ಮನುಷ್ಯ ಅವರು. ಅಷ್ಟು ಇಷ್ಟದ ಹಾಡೇ ಎಂದು ಕೇಳಿದೆ. "ಛೆ, ಕೆಟ್ಟ ಹಾಡು" ಎಂದು ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು.

ಅವರ ನೆನಪಿನ ಶಕ್ತಿಯನ್ನು ಕಂಡು ನನಗೆ ಅಷ್ಟೇನೂ ಅಚ್ಚರಿಯಾಗಲಿಲ್ಲ. ಇಷ್ಟವೇ ಇಲ್ಲದ ಹಾಡಿನ ಜಾತಕವನ್ನು ನಲವತ್ತು ವರ್ಷ ಜೋಪಾನ ಮಾಡಿದ್ದಾರಲ್ಲ, ಅದು ವಿಚಿತ್ರವೆನಿಸಿತು. ಮನೆಗೆ ಬಂದ ಮೇಲೆ ನನ್ನನ್ನೇ ಪರೀಕ್ಷಿಸಿಕೊಂಡೆ. ಭದ್ರಾವತಿಯಲ್ಲಿ, ಅಂದರೆ ಇನ್ನೊಂದು ಉಕ್ಕಿನ ಊರಿನಲ್ಲಿ, 1987ರಿಂದ 1993ರವರೆಗೆ ನಾನು ಹಗಲಿರುಳು ಕೇಳಿದ ಹಾಡುಗಳಲ್ಲಿ ಯಾವುದಾದರೂ ಒಂದರ ಚಿತ್ರ, ನಾಯಕ, ಸಾಹಿತ್ಯ, ಸಂಗೀತ, ಹಾಡಿದವರು ಯಾರೆಂದು ಕೇಳಿದರೆ ಇವತ್ತಿಗೂ ಹೇಳಬಲ್ಲೆ. ಅದು ಯಾವ ತಿಂಗಳು ಊರೆಲ್ಲ ಕೇಳಿಸುತ್ತಿತ್ತು, ಎಷ್ಟು ವಾರ ಕೇಳಿಸಿತು, ಯಾವ ಹಾಡು ಬಂದು ಅದನ್ನು ಮೂಲೆಗೆ ತಳ್ಳಿತು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಮ್ಮ ಹಾಡುಗಳಿಗೆ ಯಾರೂ ಅಂಕಿ ಹಾಕಿರಲಿಲ್ಲ.

ಇಂಗ್ಲಿಷರು ಅಂಕಿ ಹಾಕಲು ಆರಂಭಿಸಿದ್ದು 1952ರ ನವೆಂಬರ್ 14ರಂದು. ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆಯ ಜಾಹೀರಾತು ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಪರ್ಸಿ ಡಿಕಿನ್ಸ್ ಎಂಬವರು ಸುಮಾರು ಇಪ್ಪತ್ತು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಈ ವಾರ ಹೆಚ್ಚು ಮಾರಿದ್ದು ಯಾವುದು ಎಂದು ಕೇಳಿ ಪಟ್ಟಿ ಮಾಡಿದರು. ಅಲ್ ಮಾರ್ಟಿನೊ ಹಾಡಿದ ಒಂದು ಪ್ರೇಮಗೀತೆ ಅದರ ತಲೆಯಲ್ಲಿತ್ತು. ಅಂದಿನಿಂದ ಇಲ್ಲಿಯ ಪ್ರತಿಯೊಂದು ಜನಪ್ರಿಯ ಹಾಡಿಗೂ ವಾರದ ಲೆಕ್ಕದಲ್ಲಿ ಒಂದು ದಾಖಲೆ ಇದೆ. 1977ರಲ್ಲಿ ಅದೆಲ್ಲ ಗಿನ್ನೆಸ್‌ನವರ ಒಂದು ದಪ್ಪ ಪುಸ್ತಕವಾಗಿ ಬಂತು. ಬಿಬಿಸಿಯ ರೇಡಿಯೊ 2ರ ಕಾರ್ಯಕ್ರಮವೊಂದು ಇಂದಿಗೂ ಯಾವುದೋ ಹಳೆಯ ವರ್ಷದ ಇದೇ ವಾರದ ಪಟ್ಟಿಯನ್ನು ತೆಗೆದು, ಒಳ್ಳೆಯದು ಕೆಟ್ಟದ್ದು ಎನ್ನದೆ ಹಾಡಿಸುತ್ತದೆ.

ಈ ಲೆಕ್ಕ ಇವರಿಗೆ ಎಷ್ಟು ಗಂಭೀರವೆಂದರೆ, ಅದರಿಂದ ಹುಟ್ಟಿದ ಅಸಮಾಧಾನಗಳೂ ತಲೆಮಾರು ಬಾಳುತ್ತವೆ. 1981ರಲ್ಲಿ ಅಲ್ಟ್ರಾವಾಕ್ಸ್ ತಂಡದ ‘ವಿಯೆನ್ನಾ’ ಎಂಬ ಘನಗಂಭೀರ ಹಾಡು ಎರಡನೆಯ ಸ್ಥಾನದಲ್ಲೇ ಸಿಕ್ಕಿಕೊಂಡಾಗ ಅದರ ನೆತ್ತಿಯ ಮೇಲೆ ಕುಳಿತಿದ್ದದ್ದು ಜೋ ಡೋಲ್ಚೆ ಎಂಬವರ, ಇಟಾಲಿಯನ್ ಉಚ್ಚಾರದ ಒಂದು ಕೋಡಂಗಿ ಹಾಡು. ಹೋಟೆಲಿನಲ್ಲಿ ಕಾಫಿ ಕುಡಿದ ಹಾಗೆ ಇಲ್ಲಿ ಪಬ್ಬಿನಲ್ಲಿ ಕ್ವಿಜ್ ನಡೆಯುತ್ತದೆ, ಮತ್ತು ಪ್ರತಿ ಮೂರು ಕ್ವಿಜ್‌ಗೆ ಒಂದರಲ್ಲಾದರೂ ಈ ಪ್ರಶ್ನೆ ಬಂದು ಜನ ನಿಟ್ಟುಸಿರು ಬಿಡುತ್ತಾರೆ. 2013ರ ಆರಂಭದಲ್ಲಿ ಶ್ರೋತೃಗಳ ಮತದಿಂದ ‘ವಿಯೆನ್ನಾ’ಕ್ಕೆ ಗೌರವ ಪೂರ್ವಕ ಒಂದನೆಯ ಸ್ಥಾನವನ್ನೇ ಕೊಟ್ಟರು. ಮೂವತ್ತೆರಡು ವರ್ಷದ ಮೇಲೆ ಗೌರವ ಡಾಕ್ಟರೇಟ್ ಕೊಟ್ಟಂತೆ ಇದು. ನಗು ಬಂದರೂ, ಒಂದು ಹಾಡಿಗೆ ಅನ್ಯಾಯವಾಯಿತೆಂದು ಇಷ್ಟು ವರ್ಷ ಲೆಕ್ಕ ಇಟ್ಟುಕೊಳ್ಳುವ ಜನರನ್ನು ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಭಾರತದಲ್ಲಿ ಇಂಥ ಪದ್ಧತಿಯೇ ಇರಲಿಲ್ಲವೆಂದಲ್ಲ. ಅದೇ 1952ರ ಡಿಸೆಂಬರಿನಲ್ಲಿ, ಆಕಾಶವಾಣಿಯು ಚಿತ್ರಗೀತೆಗಳನ್ನು ದೂರವಿಟ್ಟಿದ್ದ ಕಾಲದಲ್ಲಿ, ರೇಡಿಯೊ ಸಿಲೋನಿನಿಂದ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಆರಂಭವಾಯಿತು. ಮುಂದೆ ಹಿಂದಿ ಹಾಡುಗಳಿಗೆ ಅವರು ಮೆಟ್ಟಿಲು ಕಟ್ಟಿ, ಇದು ಇಷ್ಟನೆಯ ‘ಪಾಯ್‌ದಾನ್’ ಎಂದು ಘೋಷಿಸುತ್ತಿದ್ದರು. ನನ್ನ ಚಿಕ್ಕಪ್ಪ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲದ ಅವರ ಬಳಿ ಹಿಂದಿ ಹಾಡುಗಳ ಲೆಕ್ಕವಿತ್ತು, ಕನ್ನಡದ್ದು ಒಂದು ಪುಟವೂ ಇರಲಿಲ್ಲ.

ನಮಗಿದ್ದದ್ದು ಕೋರಿಕೆ. ಭದ್ರಾವತಿ ಆಕಾಶವಾಣಿಯಲ್ಲಿ ಹಾಡಿಗೆ ಮೊದಲು ಉದ್ಘೋಷಕಿ ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಗಾಯಕರು ಎಂದು ಹೇಳಿ ಮುಗಿಸಿ, ಅನಂತರ ಕಾರ್ಡು ಬರೆದವರ ಹೆಸರು ಓದಲು ಶುರು ಮಾಡುತ್ತಿದ್ದರು: ಹೊಳೆಹೊನ್ನೂರಿನಿಂದ ಇಂಥವರು ಮತ್ತು ಅವರ ಮನೆಯವರೆಲ್ಲ, ಜನ್ನಾಪುರದಿಂದ ಇಂಥ ಗೆಳೆಯರ ಬಳಗ, ತರೀಕೆರೆಯಿಂದ ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರ ಹೆಸರನ್ನೂ ಬರೆದ ಒಂದು ಕುಟುಂಬ. ಒಮ್ಮೊಮ್ಮೆ ಹೆಸರುಗಳು ಹಾಡಿಗಿಂತ ಉದ್ದವಾಗುತ್ತಿದ್ದವು. ಯಾವ ಹಾಡಿಗೆ ಹೆಚ್ಚು ಹೆಸರು ಬಂತೋ ಅದೇ ನಮ್ಮ ಒಂದನೆಯ ಸ್ಥಾನ. ಆ ಕಾರ್ಡುಗಳನ್ನು ಯಾರಾದರೂ ಎಣಿಸಿಟ್ಟಿದ್ದರೆ ಇಪ್ಪತ್ತು ಅಂಗಡಿಗಳಿಗೆ ಫೋನ್ ಮಾಡುವುದಕ್ಕಿಂತ ದೊಡ್ಡ ಲೆಕ್ಕವಾಗುತ್ತಿತ್ತು.

ಉದ್ಘೋಷಕಿ ಮೊದಲು ಹೇಳುತ್ತಿದ್ದದ್ದು ಚಿತ್ರದ ಹೆಸರು ಎನ್ನುವುದರಲ್ಲೇ ಎರಡು ರೀತಿಗಳ ವ್ಯತ್ಯಾಸವೆಲ್ಲ ಇದೆಯೆಂದು ನನಗೀಗ ಅನಿಸುತ್ತದೆ. ಇಲ್ಲಿ ಹಳೆಯ ಹಾಡು ಕಿವಿಗೆ ಬಿದ್ದರೆ "ಯಾರು ಹಾಡಿದ್ದು?" ಎಂದು ಕೇಳುತ್ತಾರೆ; ನಾವು "ಯಾವ ಪಿಕ್ಚರ್?" ಎನ್ನುತ್ತೇವೆ. ಹಾಡಿಗೆ ನಾವು ಕೊಟ್ಟ ಮನೆ ಚಿತ್ರ. ಚಿತ್ರಕ್ಕೆ ಆಸರೆ ನಾಯಕ. ನಾಯಕನ ಹೆಸರಿನಲ್ಲಿ ಜಯಂತಿ ನಡೆಯುವವರೆಗೆ, ಅಭಿಮಾನಿಗಳ ಸಂಘ ಇರುವವರೆಗೆ, ಅವನ ಹಾಡುಗಳು ಆರ್ಕೆಸ್ಟ್ರಾದಲ್ಲಿ, ಗಣಪತಿ ಪೆಂಡಾಲಿನಲ್ಲಿ, ಆಟೊಗಳಲ್ಲಿ ಬದುಕಿರುತ್ತವೆ. 1987ರ ‘ಪ್ರೇಮಲೋಕ’ದ ಹಾಡುಗಳಿಗೆ ಮರೆವು ತಟ್ಟದೇ ಇರುವುದು ಹೀಗೆ. ಅವು ನನ್ನ ಯೌವನದ ಹಾಡುಗಳೇ ಆದರೂ, ಕೇಳಿದರೆ ಈಗ ನನಗೆ 1987 ನೆನಪಾಗುವುದಿಲ್ಲ. ಆಮೇಲೆ ಕೇಳಿದ ನೂರು ಮದುವೆಗಳು, ಮೂವತ್ತು ರಾಜ್ಯೋತ್ಸವಗಳು, ಒಂದು ವಿಮಾನ ನಿಲ್ದಾಣದ ಟ್ಯಾಕ್ಸಿ, ಎಲ್ಲವೂ ಒಂದರ ಮೇಲೊಂದು ಬಿದ್ದು ಅಡಿಯಲ್ಲಿದ್ದದ್ದು ಮುಚ್ಚಿಹೋಗಿದೆ.

ಅರೆಮರೆತ ಹಾಡುಗಳ ವಿಷಯ ಬೇರೆ. 1992ರಲ್ಲಿ ಎಸ್. ನಾರಾಯಣ್ ಮೊದಲ ಬಾರಿಗೆ ನಿರ್ದೇಶಿಸಿದ ‘ಚೈತ್ರದ ಪ್ರೇಮಾಂಜಲಿ’ಯನ್ನೇ ತೆಗೆದುಕೊಳ್ಳಿ. ಸಂಗೀತ ‘ಪ್ರೇಮಲೋಕ’ದ ಅದೇ ಹಂಸಲೇಖ ಅವರದು. ನಾಯಕ ರಘುವೀರ್ ಹೊಸಬರು. ನಮ್ಮೂರ ಬಸ್ ನಿಲ್ದಾಣದ ಕ್ಯಾಸೆಟ್ ಅಂಗಡಿಯಲ್ಲಿ ಆ ವರ್ಷ ಬೆಳಿಗ್ಗೆಯಿಂದ ರಾತ್ರಿಯವರೆಗೆ ಅದೇ ಹಾಡುಗಳು. ರಘುವೀರ್ ಅವರ ಸುತ್ತ ದೊಡ್ಡ ಅಭಿಮಾನಿ ಪಡೆ ನಿಲ್ಲಲಿಲ್ಲ, 2014ರಲ್ಲಿ ಅವರು ತೀರಿಕೊಂಡರು, ಹಾಡುಗಳು ಆ ವೇಳೆಗೆ ವೇದಿಕೆಯಿಂದ ಇಳಿದಿದ್ದವು. ಇನ್ನು ನಾಯಕನಿದ್ದೂ ಚಿತ್ರ ಕೈಕೊಟ್ಟರೆ? 1991ರ ‘ಶಾಂತಿ ಕ್ರಾಂತಿ’ ನಾಲ್ಕು ಭಾಷೆಗಳಲ್ಲಿ ಭಾರಿ ಖರ್ಚಿನಲ್ಲಿ ತಯಾರಾಗಿ ಸೋತಿತು. ಅದರ ಹಾಡುಗಳನ್ನು ನಾವು ಚಿತ್ರ ನೋಡದೆಯೇ ಬಾಯಿಪಾಠ ಮಾಡಿದ್ದೆವು. ಆದರೂ ಇಂದು ಆ ಹೆಸರೆತ್ತಿದರೆ ಜನ ಮೊದಲು ಮಾತಾಡುವುದು ಸೋಲಿನ ಬಗ್ಗೆ. ಇಲ್ಲಿಯ ಪಟ್ಟಿಯ ಪದ್ಧತಿಯಲ್ಲಾಗಿದ್ದರೆ ಹಾಡಿನ ಸ್ಥಾನ ಹಾಡಿಗೆ, ಚಿತ್ರದ ಸೋಲು ಚಿತ್ರಕ್ಕೆ ಎಂದು ಬೇರೆ ಬೇರೆ ಖಾತೆಗೆ ಹೋಗುತ್ತಿತ್ತು.

ಇದಕ್ಕೆ ಇನ್ನೊಂದು ತೊಡಕನ್ನು ನಾವೇ ಸೇರಿಸಿಕೊಂಡಿದ್ದೇವೆ. ನಮ್ಮಲ್ಲಿ ಹಾಡನ್ನು ನೆನಪಿಸಿಕೊಳ್ಳಬೇಕಾದರೆ ಅದಕ್ಕೆ ಯೋಗ್ಯತೆ ಇರಬೇಕು. ಇಲ್ಲಿನ ಕನ್ನಡಿಗರು ಯುಗಾದಿಗೆ ಸೇರಿದಾಗ ಕರೋಕೆಯಲ್ಲಿ ಕೇಳುವುದು ಅರವತ್ತು ಎಪ್ಪತ್ತರ ದಶಕದ ಚಿತ್ರಗೀತೆಗಳು, ಅಥವಾ ಭಾವಗೀತೆಗಳು. (ಸಿನಿಮಾದ ಹೊರಗೆ ನಮ್ಮ ಕ್ಯಾಸೆಟ್ ವ್ಯಾಪಾರ ಬೆಳೆದದ್ದೇ ಕವಿಗಳ ಹೆಗಲ ಮೇಲೆ, ಇದನ್ನು ವಿವರಿಸಿದಾಗ ನನ್ನ ಸಹೋದ್ಯೋಗಿ ನಂಬಲೇ ಇಲ್ಲ.) ಒಮ್ಮೆ ನಾನು 1990ರ ಸುಮಾರಿನ, ಸಾಹಿತ್ಯದ ದೃಷ್ಟಿಯಿಂದ ಯಾವ ಸಮರ್ಥನೆಯೂ ಇಲ್ಲದ ಒಂದು ಹಾಡನ್ನು ಆರಿಸಿದೆ. ಮುಂದಿನ ಸಾಲಿನ ಹಿರಿಯರೊಬ್ಬರು ಪ್ರೀತಿಯಿಂದಲೇ, "ಏನಪ್ಪಾ, ಇದಕ್ಕಿಂತ ಒಳ್ಳೇದು ಸಿಗಲಿಲ್ವೇ?" ಎಂದರು. ಹಿಂದಿನ ಸಾಲುಗಳಲ್ಲಿದ್ದ ನನ್ನ ವಯಸ್ಸಿನವರು ಮಾತ್ರ, ಕದ್ದು ತಿಂದು ಸಿಕ್ಕಿಬಿದ್ದ ಹುಡುಗರಂತೆ, ತುಟಿ ಅಲ್ಲಾಡಿಸುತ್ತ ಪೂರ್ತಿ ಹಾಡನ್ನು ಹೇಳುತ್ತಿದ್ದರು. ಇಂಗ್ಲಿಷರಿಗೆ ಈ ನಾಚಿಕೆ ಇಲ್ಲ. ಕೋಡಂಗಿ ಹಾಡೂ ಪಟ್ಟಿಯಲ್ಲಿದೆ, ಆದ್ದರಿಂದ ಅದು ನಡೆದ ಸಂಗತಿ. ನಡೆದ ಸಂಗತಿಯನ್ನು ನೆನೆಯುವುದಕ್ಕೆ ಕ್ಷಮೆ ಕೇಳಬೇಕಾಗಿಲ್ಲ.

ಹಾಗೆಂದು ಇವರ ಲೆಕ್ಕಪುಸ್ತಕವನ್ನು ಪೂಜೆಗೆ ಇಡುವ ಅಗತ್ಯವೂ ಇಲ್ಲ. ಎಂಬತ್ತರ ದಶಕದಲ್ಲಿ ಸೌಥಾಲ್, ಬರ್ಮಿಂಗ್‌ಹ್ಯಾಮ್‌ಗಳ ಪಂಜಾಬಿ ತರುಣರು ಅಲಾಪ್, ಹೀರಾ ಮುಂತಾದ ತಂಡಗಳ ಭಾಂಗ್ರಾ ಕ್ಯಾಸೆಟ್ಟುಗಳನ್ನು ರಾಶಿರಾಶಿಯಾಗಿ ಕೊಂಡರು. ಆದರೆ ಅವು ಮಾರಾಟವಾದದ್ದು ಸೀರೆ, ದಿನಸಿ, ಮಿಠಾಯಿಗಳ ಅಂಗಡಿಗಳಲ್ಲಿ, ಪಟ್ಟಿಯವರು ಲೆಕ್ಕ ಕೇಳುತ್ತಿದ್ದದ್ದು ಬೇರೆ ಅಂಗಡಿಗಳಲ್ಲಿ. ಆ ಹಾಡುಗಳಿಗೆ ಹದಿನಾಲ್ಕನೆಯ ಸ್ಥಾನವೂ ಸಿಗಲಿಲ್ಲ, ನಲವತ್ತನೆಯದೂ ಇಲ್ಲ. ಟಿ.ವಿ.ಯ ಕಥೆ ಇನ್ನೊಂದು. 1964ರಿಂದ 2006ರವರೆಗೆ ಬಿಬಿಸಿಯಲ್ಲಿ ನಡೆದ ಟಾಪ್ ಆಫ್ ದಿ ಪಾಪ್ಸ್ ಕಾರ್ಯಕ್ರಮದ ಮೊದಲ ದಶಕದ ಬಹುಪಾಲು ಕಂತುಗಳು ಉಳಿದೇ ಇಲ್ಲ. ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. 2011ರಿಂದ ಬಿಬಿಸಿ ಫೋರ್ ವಾಹಿನಿ 1976ರ ಕಂತುಗಳಿಂದ ಮೊದಲುಗೊಂಡು ಮರುಪ್ರಸಾರ ಶುರು ಮಾಡಿತು, ಅಷ್ಟರಲ್ಲಿ ನಿರೂಪಕ ಜಿಮ್ಮಿ ಸ್ಯಾವಿಲ್‌ನ ಘೋರ ಅಪರಾಧಗಳು ಬಯಲಾಗಿ, 2012ರ ಅನಂತರ ಅವನಿದ್ದ ಕಂತುಗಳನ್ನು ಬಿಟ್ಟರು. ಸರಿಯಾದ ನಿರ್ಧಾರವೇ. ಆದರೆ ಆ ವಾರ ಮಾತ್ರ ಟಿ.ವಿ.ಯಲ್ಲಿ ಹಾಡಿದ ಒಬ್ಬ ಬಡಪಾಯಿಯ ಏಕೈಕ ಮೂರು ನಿಮಿಷವೂ ಅದರೊಂದಿಗೆ ಕಪಾಟು ಸೇರಿತು.

ನನ್ನದೇ ಲೆಕ್ಕವೊಂದಿದೆ, ಅದು ನಾಲ್ಕು ಇಂಚಿನ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. ಆಗ ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳ ಪಟ್ಟಿಯನ್ನು ಬರೆದು ರೆಕಾರ್ಡಿಂಗ್ ಅಂಗಡಿಗೆ ಕೊಟ್ಟರೆ ಎರಡು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದರು. ಅರವತ್ತರ ಕ್ಯಾಸೆಟ್ಟಿಗೆ ಒಂದು ಬದಿ ಮೂವತ್ತು ನಿಮಿಷ. ಐದು ನಿಮಿಷಕ್ಕೆ ಸ್ವಲ್ಪ ಕಡಿಮೆಯ ಹಾಡಾದರೆ ಆರು ಹಿಡಿಸಿ, ಎರಡೋ ಎರಡೂವರೆಯೋ ನಿಮಿಷ ಉಳಿಯುತ್ತಿತ್ತು. ಅಂಗಡಿಯವನು ಲೋಭಿಯಲ್ಲ. "ಖಾಲಿ ಯಾಕೆ ಬಿಡೋದು, ಏನಾದ್ರೂ ಹಾಕಿರ್ತೀನಿ ಬಿಡೋ" ಎಂದ. ನಾನು ಕೇಳದ, ನನಗೆ ಗೊತ್ತಿಲ್ಲದ ಒಂದು ಹಾಡು ಹೀಗೆ ಎ ಸೈಡಿನ ಕೊನೆಗೆ ಬಂದು ಕೂತಿತು. ಪಲ್ಲವಿ, ಒಂದು ಚರಣ, ಆಮೇಲೆ ಪಿಟೀಲುಗಳು ಏರುತ್ತ ಏರುತ್ತ ಎರಡನೆಯ ಚರಣಕ್ಕೆ ಹೊರಟಾಗ ಟಕ್ ಎಂದು ಗುಂಡಿ ಮೇಲೆ ಬರುತ್ತಿತ್ತು. ಆ ಶಬ್ದ ಹಾಡಿನ ತಾಳಕ್ಕೆ ಸರಿಯಾಗಿಯೇ ಬೀಳುತ್ತಿತ್ತು. ಕಾರ್ಖಾನೆಯ ಸೈರನ್ನಿಗೆ ಅಪ್ಪ ರಾತ್ರಿ ಪಾಳಿಗೆ ಹೊರಟ ಮೇಲೆ ನಾನು ಆ ಕ್ಯಾಸೆಟ್ ಹಾಕುತ್ತಿದ್ದೆ, ಟಕ್ ಎಂದ ಮೇಲೆ ಅಮ್ಮ ಒಳಗಿನಿಂದ "ಮುಗೀತಲ್ಲ, ಮಲಕ್ಕೋ" ಎನ್ನುತ್ತಿದ್ದಳು.

ನಾನು ಬಲ್ಲ ಹಾಡುಗಳಲ್ಲೆಲ್ಲ ಯಾವ ಚಿತ್ರದ್ದೆಂದು ಗೊತ್ತಿಲ್ಲದ ಒಂದೇ ಹಾಡು ಅದು. ಸುಮಾರು ಮೂವತ್ತು ವರ್ಷದ ಮೇಲೆ ಯೂಟ್ಯೂಬಿನಲ್ಲಿ ಸಿಕ್ಕಿತು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರಿಗೆ ಅದು ಒಂದು ಚಿತ್ರದ, ಒಬ್ಬ ನಾಯಕನ ಹಾಡಾಗಿಬಿಡುತ್ತದೆ. ಎರಡನೆಯ ಚರಣ ಕೇಳಿದೆ. ಚೆನ್ನಾಗಿಯೇ ಇದೆ, ಆದರೆ ಯಾರದೋ ಮನೆಯ ಹಿತ್ತಿಲಿಗೆ ಕಾಲಿಟ್ಟಂತಾಗಿ, ನಿಲ್ಲಿಸಿದೆ. ಹಳೆಯ ಕ್ಯಾಸೆಟ್ಟನ್ನು ಹೋದ ವರ್ಷ ಊರಿನಿಂದ ತಂದು, ಇಲ್ಲಿ ಸಂತೆಯಲ್ಲಿ ಐದು ಪೌಂಡಿಗೆ ಒಂದು ಪ್ಲೇಯರ್ ಕೊಂಡು, ಫೋನಿಗೆ ಇಳಿಸಿಕೊಂಡಿದ್ದೇನೆ, ಟಕ್ ಸಮೇತ.

ಮೊನ್ನೆ ಪ್ರಯೋಗಶಾಲೆಯಲ್ಲಿ ರೇಡಿಯೊ ಕೆಟ್ಟಿದ್ದಾಗ ಅದನ್ನೇ ಹಾಕಿದೆ. ಸಹೋದ್ಯೋಗಿ ಭಾಷೆ ತಿಳಿಯದಿದ್ದರೂ ಬೆರಳಿನಲ್ಲಿ ಮೇಜನ್ನು ಕುಟ್ಟುತ್ತ ಕೇಳಿದರು, ಪಿಟೀಲು ಅರ್ಧಕ್ಕೆ ಕಡಿದಾಗ ತಲೆಯೆತ್ತಿದರು. ಅವರಿಗೆ ಬೇಕಾದದ್ದು ಒಂದೇ ವಿವರ.

"ಎಷ್ಟನೆಯ ಸ್ಥಾನಕ್ಕೆ ಹೋಗಿತ್ತು?"

"ಏಳು" ಎಂದೆ.

ಅವರು ತಲೆಯಾಡಿಸಿದರು. "ಕೆಟ್ಟದ್ದೇನಲ್ಲ" ಎಂದರು.